ಮಂಗಳವಾರ ಸಂಜೆ, ಒಂಬತ್ತು ಕುಳಿ: ವಿಶ್ವವಿದ್ಯಾಲಯದ ಗಾಲ್ಫ್ ಮೈದಾನದಲ್ಲಿ ಒಬ್ಬ ಬೆಳಗಾವಿಯವನು

ಬೆಳಗಾವಿಯವರಿಗೆ ಗಾಲ್ಫ್ ಮೈದಾನ ಎಂದರೆ ಮೊದಲು ನೆನಪಾಗುವುದು ಚಿರತೆ. 2022ರ ಆಗಸ್ಟ್‌ನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡು, ಆಮೇಲೆ ರೇಸ್‌ಕೋರ್ಸ್ ಬಳಿಯ ಗಾಲ್ಫ್ ಮೈದಾನದ ಪೊದೆಗಳನ್ನು ಸೇರಿಕೊಂಡ ಆ ಪ್ರಾಣಿ ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಿಸಿತು. ಅದನ್ನು ಹುಡುಕಲು ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳು ಬಂದವು. ಕೊನೆಗೂ ಅದು ಯಾರ ಕೈಗೂ ಸಿಗಲಿಲ್ಲ. ನಾನೂ ಆ ಮೈದಾನವನ್ನು ಬೇಲಿಯ ಹೊರಗಿನಿಂದ ನೋಡಿದವನೇ ಹೊರತು ಒಳಗೆ ಕಾಲಿಟ್ಟವನಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ಸಾವಿರಾರು ಮೈಲಿ ಆಚೆ, ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ಗಾಲ್ಫ್ ಮೈದಾನದಲ್ಲಿ ನಾಲ್ಕು ತಿಂಗಳು ಆಡುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೂವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾಗಿ ಟಿಳಕವಾಡಿಯಲ್ಲಿ ನೆಲೆಸಿರುವ ನಾನು, ಕಳೆದ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಮೆರಿಕದ ಮಿಡ್‌ವೆಸ್ಟ್ ಪ್ರದೇಶದಲ್ಲಿರುವ ಮಗಳ ಮನೆಯಲ್ಲಿದ್ದೆ. ಮಕ್ಕಳ ಮನೆಗೆ ಹೋಗಿ ತಿಂಗಳುಗಟ್ಟಲೆ ಕುಳಿತು ಬಂದ ನಮ್ಮ ಕಡೆಯ ಹಿರಿಯರಿಗೆ ಆ ದಿನಗಳ ಉದ್ದ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆಯಲ್ಲಿ ಉಳಿಯುವುದು ನಾವು ಗಂಡಹೆಂಡತಿ ಮತ್ತು ಬಟ್ಟೆ ಒಗೆಯುವ ಯಂತ್ರ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇದ್ದದ್ದು ಆ ರಾಜ್ಯ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೊಂದೇ. ಮೈದಾನದ ಹೆಸರು ಇಲ್ಲಿ ಬೇಡ. ಅದರ ಬಗ್ಗೆ ಹೇಳಬೇಕಾದ ತಕರಾರೊಂದಿದೆ, ಅದು ಆ ಒಂದೇ ಜಾಗದ ತಕರಾರೂ ಅಲ್ಲ.

ಮೊದಲು ಲೆಕ್ಕ. ಅಲ್ಲಿ ಮೂರು ದರಗಳಿದ್ದವು: ವಿದ್ಯಾರ್ಥಿಗಳಿಗೆ ಒಂದು, ಸಿಬ್ಬಂದಿ ಮತ್ತು ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು, ನನ್ನಂಥ ದಾರಿಹೋಕರಿಗೆ ಮತ್ತೊಂದು. ಸಂಜೆ ನಾಲ್ಕರ ನಂತರ, ಗಾಡಿ ತೆಗೆದುಕೊಳ್ಳದೆ ನಡೆದೇ ಒಂಬತ್ತು ಕುಳಿ ಆಡಲು ನಾನು ಕೊಟ್ಟದ್ದು 22 ಡಾಲರ್. (ಗಾಲ್ಫಿನಲ್ಲಿ ಕುಳಿ ಎಂದರೆ ಚೆಂಡು ಬೀಳಬೇಕಾದ ಗುಂಡಿ ಮಾತ್ರವಲ್ಲ, ಮೊದಲ ಹೊಡೆತದ ಜಾಗದಿಂದ ಆ ಗುಂಡಿಯವರೆಗಿನ ಇಡೀ ನೆಲ.) ಬಾಡಿಗೆ ಕೋಲುಗಳಿಗೆ 15 ಡಾಲರ್ ಬೇರೆ. ಮೊದಲ ದಿನ ರೂಪಾಯಿಗೆ ಗುಣಿಸಿ ನೋಡಿ ಮನೆಗೆ ವಾಪಸಾಗುವುದೇ ಲೇಸು ಎನಿಸಿತ್ತು. ಆದರೆ ಎರಡನೆಯ ವಾರ ಮಗಳು ಹಳೆಯ ಸಾಮಾನಿನ ಅಂಗಡಿಯಲ್ಲಿ ಏಳು ಕೋಲುಗಳ ಅರ್ಧ ಸೆಟ್ಟೊಂದನ್ನು 40 ಡಾಲರಿಗೆ ಹಿಡಿದು ತಂದ ಮೇಲೆ ಬಾಡಿಗೆಯ ಗೋಜು ತಪ್ಪಿತು. ನಿಯಮದ ಪ್ರಕಾರ ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದು, ಹೊಸಬನಿಗೆ ಏಳೇ ಹೆಚ್ಚು. ಬಾಡಿಗೆ ಸೆಟ್ಟಿನ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಹಿಡಿಕೆಯ ರಬ್ಬರು ಸವೆದು ಎಣ್ಣೆ ಹಚ್ಚಿದ ಲಟ್ಟಣಿಗೆಯಂತೆ ಜಾರುತ್ತಿತ್ತು.

ಕಲಿಸುವ ವ್ಯವಸ್ಥೆಗೆ ಮಾತ್ರ ಪೂರ್ಣ ಅಂಕ ಕೊಡುತ್ತೇನೆ. ಶನಿವಾರ ಬೆಳಿಗ್ಗೆ ಹೊಸಬರಿಗೆಂದು ನಡೆಯುತ್ತಿದ್ದ ಗುಂಪು ಪಾಠದಲ್ಲಿ ನಾವು ಆರು ಜನರಿದ್ದೆವು. ಕಲಿಸುತ್ತಿದ್ದವಳು ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಅದೇ ವರ್ಷ ಪದವಿ ಮುಗಿಸಿದ ಹುಡುಗಿ. ನನ್ನ ಮೊದಲ ಹೊಡೆತ ನೋಡಿ, ಈ ಹಿಂದೆ ಯಾವ ಆಟ ಆಡಿದ್ದೀರಿ ಎಂದು ಕೇಳಿದಳು. ಚಿನ್ನಿದಾಂಡನ್ನು ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಐದು ನಿಮಿಷ ಹಿಡಿಯಿತು. ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟೇ: ಚಿನ್ನಿಯನ್ನು ಎತ್ತಿ ಹೊಡೆಯುವವನು ಮಣಿಕಟ್ಟನ್ನು ಬೇಗ ತಿರುಗಿಸುತ್ತಾನೆ, ಇಲ್ಲಿ ಚೆಂಡನ್ನು ಎತ್ತುವ ಕೆಲಸ ಕೋಲಿನ ತಲೆಯ ಓರೆಗೆ ಬಿಟ್ಟದ್ದು, ನೀವು ಕೆಳಮುಖವಾಗಿ ಹೊಡೆಯಿರಿ. ಮೂರು ದಶಕ ಪಾಠ ಮಾಡಿದ ನನಗೆ, ಒಬ್ಬ ವಿದ್ಯಾರ್ಥಿಯ ತಪ್ಪು ಎಲ್ಲಿಂದ ಬಂದಿದೆ ಎಂದು ಹುಡುಕಿ ಅಲ್ಲಿಂದಲೇ ತಿದ್ದುವ ಆ ಕ್ರಮ ಆಟಕ್ಕಿಂತ ಹೆಚ್ಚು ಇಷ್ಟವಾಯಿತು.

ಮೈದಾನದ ವಿಷಯಕ್ಕೆ ಬರುತ್ತೇನೆ. ಮೊದಲ ಮೂರು ಕುಳಿಗಳು ಸಪಾಟು. ನಮ್ಮ ಕಡೆಯ ಎರೆಹೊಲದಂತೆ ಒಂದೇ ಸಮ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾಲ್ಕನೆಯದು ಹಳ್ಳವೊಂದನ್ನು ದಾಟುತ್ತದೆ, ನನ್ನ ಚೆಂಡುಗಳಲ್ಲಿ ಅರ್ಧದಷ್ಟು ಇಂದಿಗೂ ಅದರಲ್ಲೇ ಇವೆ. ಏಳನೆಯ ಕುಳಿಯ ಹಸಿರುಹಾಸು, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ, ಮಾತ್ರ ನಾಲ್ಕು ತಿಂಗಳಾದರೂ ನನಗೆ ಅರ್ಥವಾಗಲಿಲ್ಲ. ಕಣ್ಣಿಗೆ ಎಡಕ್ಕೆ ಇಳಿಜಾರು ಕಾಣುತ್ತದೆ, ಚೆಂಡು ಬಲಕ್ಕೆ ಹೊರಳುತ್ತದೆ. ಸುತ್ತಲಿನ ಇಡೀ ನೆಲವೇ ಹಳ್ಳದ ಕಡೆಗೆ ವಾಲಿರುವುದರಿಂದ ಕಣ್ಣು ಮೋಸ ಹೋಗುತ್ತದೆ ಎಂದು ಯಾರೋ ವಿವರಿಸಿದರು. ಗೊತ್ತಾದ ಮೇಲೂ ಕಣ್ಣು ಮೋಸ ಹೋಗುವುದನ್ನು ಬಿಡಲಿಲ್ಲ.

ನಾನು ಈ ವಿಮರ್ಶೆ ಬರೆಯಲು ಕಾರಣವಾದ ಘಟನೆ ನಡೆದದ್ದು ಆ ಏಳನೆಯ ಕುಳಿಯಲ್ಲೇ. ಜುಲೈನ ಒಂದು ಮಂಗಳವಾರ ಸಂಜೆ ಅಲ್ಲಿಗೆ ಹೋದಾಗ ಒಬ್ಬ ವಿದ್ಯಾರ್ಥಿ ಮೊಣಕಾಲೂರಿ ಕುಳಿತು, ಮೂರು ಅಡಿ ಉದ್ದದ, ನಡುವೆ ತೋಡಿರುವ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೆಲಕ್ಕೆ ಊರಿ, ಅದರ ಮೇಲ್ತುದಿಯ ಕಚ್ಚಿನಲ್ಲಿ ಚೆಂಡಿಟ್ಟು ಪಟ್ಟಿಯನ್ನು ನಿಧಾನವಾಗಿ ಎತ್ತುತ್ತಿದ್ದ. ಸುಮಾರು 20 ಡಿಗ್ರಿ ಓರೆಯಾದಾಗ ಚೆಂಡು ತಾನಾಗಿ ಕಚ್ಚಿನಿಂದ ಬಿಟ್ಟು ಉರುಳಿತು. ಮೂರು ಚೆಂಡು ಒಂದು ದಿಕ್ಕಿಗೆ, ಅವೇ ಮೂರು ತಿರುಗಿ ಎದುರು ದಿಕ್ಕಿಗೆ. ನಿಂತ ದೂರಗಳನ್ನು ಅಳೆದು ಸರಾಸರಿ ತೆಗೆದ. ಅದರ ಹೆಸರು ಸ್ಟಿಂಪ್‌ಮೀಟರ್. ಹಸಿರುಹಾಸು ಎಷ್ಟು ವೇಗವಾಗಿದೆ, ಅಂದರೆ ಚೆಂಡು ಅದರ ಮೇಲೆ ಎಷ್ಟು ದೂರ ಉರುಳುತ್ತದೆ ಎಂಬುದನ್ನು ಅಡಿಗಳಲ್ಲಿ ಹೇಳುವ ಸಾಧನ. ಅದನ್ನು 1935ರಲ್ಲಿ ರೂಪಿಸಿದ ಎಡ್ವರ್ಡ್ ಸ್ಟಿಂಪ್ಸನ್ ಸ್ವತಃ ಹಾರ್ವರ್ಡ್‌ನ ಗಾಲ್ಫ್ ತಂಡದ ನಾಯಕನಾಗಿದ್ದವನು. ಅಂದು ಬಂದ ಅಂಕಿ ಒಂಬತ್ತೂವರೆ ಅಡಿ.

ಇದು ಇಳಿಜಾರು ಸಮತಲದ ಪ್ರಯೋಗವಲ್ಲದೆ ಮತ್ತೇನು? ಪಿಯುಸಿ ಮಕ್ಕಳಿಗೆ ಸಾವಿರ ಸಲ ಮಾಡಿಸಿದ್ದು. ಪಟ್ಟಿಯಿಂದ ಇಳಿಯುವಾಗ ಚೆಂಡಿನ ವೇಗ ಸೆಕೆಂಡಿಗೆ ಸುಮಾರು ಆರು ಅಡಿ ಎಂದು ಹುಡುಗ ಹೇಳಿದ. ಹೊಡೆತಗಳನ್ನು ಬರೆದಿಡುವ ಅಂಕಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿ, ಉರುಳುವ ಚೆಂಡಿಗೆ ಹುಲ್ಲು ಒಡ್ಡುವ ತಡೆಯ ಗುಣಾಂಕ ಹೆಚ್ಚುಕಡಿಮೆ 0.06 ಎಂದು ತೋರಿಸಿದೆ. ಅವನು ಕಣ್ಣರಳಿಸಿದ. ಹುಲ್ಲುಹಾಸಿನ ವಿಜ್ಞಾನವನ್ನೇ ಪದವಿಯಾಗಿ ಓದುತ್ತಿದ್ದ ಅವನಿಗೆ ಆ ಮೈದಾನವೇ ಪ್ರಯೋಗಶಾಲೆ. ಹುಲ್ಲನ್ನು ಮೂರು ಮಿಲಿಮೀಟರಿನಷ್ಟು ಎತ್ತರಕ್ಕೆ ಕತ್ತರಿಸುವುದು, ಬೇರಿನ ಉದ್ದ ನೋಡುವುದು, ಬೆಳಗಿನ ಇಬ್ಬನಿಯಲ್ಲಿ ಶಿಲೀಂಧ್ರದ ಕಲೆ ಬಿದ್ದಿದೆಯೇ ಎಂದು ಪರೀಕ್ಷಿಸುವುದು ಅವನ ಬೇಸಿಗೆಯ ಕೆಲಸ. ಹಿಂದೆ ನಿಂತಿದ್ದ ಇನ್ನಿಬ್ಬರು ಆಟಗಾರರು ಗಂಟಲು ಸರಿಪಡಿಸಿಕೊಂಡಾಗಲೇ ನಮಗೆ ದಾರಿ ಬಿಡಬೇಕೆಂಬ ಎಚ್ಚರ ಬಂದದ್ದು.

ಖಾಸಗಿ ಕ್ಲಬ್ಬಿಗೂ ಕಾಲೇಜಿನ ಮೈದಾನಕ್ಕೂ ನಾನು ಕಂಡ ವ್ಯತ್ಯಾಸ ಇದು. ಅಳಿಯನ ಕಚೇರಿಯ ಹಿರಿಯರೊಬ್ಬರು ಒಮ್ಮೆ ತಮ್ಮ ಕ್ಲಬ್ಬಿಗೆ ಕರೆದೊಯ್ದಿದ್ದರು; ಹುಲ್ಲು ಇದಕ್ಕಿಂತ ಚೆನ್ನಾಗಿತ್ತು, ಊಟ ಬಹಳ ಚೆನ್ನಾಗಿತ್ತು, ಆದರೆ ಹುಲ್ಲು ಹೀಗೇಕಿದೆ ಎಂದು ಕೇಳಿದರೆ ಹೇಳುವವರು ಯಾರೂ ಎದುರಿಗೆ ಸಿಗಲಿಲ್ಲ. ಕಾಲೇಜಿನ ಮೈದಾನದಲ್ಲಿ ಹುಲ್ಲು ಕತ್ತರಿಸುವವನಿಂದ ಹಿಡಿದು ಟಿಕೆಟ್ ಕೊಡುವವಳವರೆಗೆ ಅರ್ಧಕ್ಕರ್ಧ ಜನ ವಿದ್ಯಾರ್ಥಿಗಳು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಒಂದು ವಿಶ್ವವಿದ್ಯಾಲಯಕ್ಕೆ ಗಾಲ್ಫ್ ಮೈದಾನವೇಕೆ ಎಂಬ ಪ್ರಶ್ನೆ ನಮ್ಮವರಿಗೆ ಸಹಜವಾಗಿ ಬರುತ್ತದೆ. ಬಹಳ ಕಡೆ ಉತ್ತರ ದಾನದಲ್ಲಿದೆ. ಯೇಲ್ ವಿಶ್ವವಿದ್ಯಾಲಯಕ್ಕೆ 1924ರಲ್ಲಿ ಹಳೆಯ ವಿದ್ಯಾರ್ಥಿ ರೇ ಟಾಂಪ್‌ಕಿನ್ಸ್ ಅವರ ನೆನಪಿಗಾಗಿ ಅವರ ಪತ್ನಿ ಸುಮಾರು 700 ಎಕರೆ ಕಾಡುನೆಲವನ್ನು ಕೊಟ್ಟರು. ಅಲ್ಲಿ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಮತ್ತು ಸೆತ್ ರೇನರ್ ರೂಪಿಸಿದ ಮೈದಾನ 1926ರಲ್ಲಿ ತೆರೆಯಿತು. ಅದರ ಒಂಬತ್ತನೆಯ ಕುಳಿಗೆ ಕೆರೆಯ ಮೇಲಿಂದ ಹೊಡೆಯಬೇಕು, ಮತ್ತು ಹಸಿರುಹಾಸಿನ ನಡುವೆಯೇ ಅಡ್ಡಲಾಗಿ ಆಳವಾದ ತಗ್ಗೊಂದಿದೆ. ಮಿಷಿಗನ್ ವಿಶ್ವವಿದ್ಯಾಲಯದ 1931ರ ಮೈದಾನವನ್ನೂ ಒಹಾಯೊ ಸ್ಟೇಟ್‌ನ ಸ್ಕಾರ್ಲೆಟ್ ಮೈದಾನವನ್ನೂ ವಿನ್ಯಾಸ ಮಾಡಿದವರು ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಆಗಸ್ಟಾ ಮೈದಾನದ ಖ್ಯಾತಿಯ ಅಲಿಸ್ಟರ್ ಮೆಕೆಂಜಿ, ಮೂಲತಃ ವೈದ್ಯರು. ಸ್ಕಾರ್ಲೆಟ್ ತೆರೆದದ್ದು 1938ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ಗಾಲ್ಫ್ ದಿಗ್ಗಜ ಜಾಕ್ ನಿಕ್ಲಾಸ್ ವಿದ್ಯಾರ್ಥಿಯಾಗಿ ಆಡಿದ್ದು ಅಲ್ಲಿಯೇ. ಟೈಗರ್ ವುಡ್ಸ್ 1994ರಿಂದ ಎರಡು ವರ್ಷ ಓದಿದ ಸ್ಟ್ಯಾನ್‌ಫರ್ಡ್‌ನ ಮೈದಾನ 1930ರದು.

ಇಂಥ ಹೆಸರಾಂತ ಮೈದಾನಗಳಲ್ಲಿ ಆಡಬೇಕೆಂದು ಹೊರಡುವವರು ಒಂದು ಮಾತು ನೆನಪಿಡಬೇಕು. ಯೇಲ್, ಸ್ಟ್ಯಾನ್‌ಫರ್ಡ್‌ನಂಥ ಕಡೆ ವಿದ್ಯಾರ್ಥಿಗಳು, ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು, ಸದಸ್ಯರು ಮತ್ತು ಅವರ ಅತಿಥಿಗಳಿಗೇ ಆದ್ಯತೆ. ಸುಮ್ಮನೆ ಹೋಗಿ ದುಡ್ಡು ಕೊಟ್ಟು ಆಡಲಾಗದು. ಬದಲಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ರಿಡ್ಜ್, ಪರ್ಡ್ಯೂ ವಿಶ್ವವಿದ್ಯಾಲಯದ ಮೈದಾನಗಳು ಸಾರ್ವಜನಿಕರಿಗೂ ತೆರೆದಿವೆ. ಪರ್ಡ್ಯೂದ ಕ್ಯಾಂಪೆನ್ ಮೈದಾನವನ್ನು ಪೀಟ್ ಡೈ ರೂಪಿಸಿದಾಗ, ಮೈದಾನದಿಂದಲೂ ಪಕ್ಕದ ರಸ್ತೆ ಮತ್ತು ಪಾರ್ಕಿಂಗ್ ಜಾಗಗಳಿಂದಲೂ ಹರಿದು ಬರುವ ನೀರನ್ನು ಕೃತಕ ಜೌಗು ಕೊಳಗಳಲ್ಲಿ ಹಾಯಿಸಿ ಶುದ್ಧಗೊಳಿಸುವ ಏರ್ಪಾಡು ಮಾಡಿದರು; ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ನೀರನ್ನು ಪರೀಕ್ಷಿಸಿ ಅಧ್ಯಯನ ನಡೆಸಿದರು. ಕಾರ್ನೆಲ್‌ನ ಕಥೆ ಇನ್ನೂ ಸ್ವಾರಸ್ಯದ್ದು: ಅಲ್ಲಿ ವಿದ್ಯಾರ್ಥಿಯಾಗಿದ್ದು ಮುಂದೆ ಹೆಸರಾಂತ ಮೈದಾನ ವಿನ್ಯಾಸಕನಾದ ರಾಬರ್ಟ್ ಟ್ರೆಂಟ್ ಜೋನ್ಸ್ ತೋಟಗಾರಿಕೆ, ಬೇಸಾಯ, ಜಲವಿಜ್ಞಾನ, ಭೂಮಾಪನ ಇವನ್ನೆಲ್ಲ ಸೇರಿಸಿ ಗಾಲ್ಫ್ ಮೈದಾನ ಕಟ್ಟುವವನಿಗೆ ಬೇಕಾದ ಪಠ್ಯಕ್ರಮವನ್ನು ತನಗಾಗಿ ತಾನೇ ಹೊಂದಿಸಿಕೊಂಡ. ಇಂದು ಕಾರ್ನೆಲ್‌ನ ಮೈದಾನಕ್ಕೆ ಅವನದೇ ಹೆಸರು.

ಇದನ್ನು ಊರಿಗೆ ಬಂದ ಮೇಲೆ ಬಾಗಲಕೋಟೆಯ ನನ್ನ ಷಡ್ಡಕರಿಗೆ ಹೇಳಿದಾಗ, ನಮ್ಮಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆಯಲ್ಲ, ಒಂದು ಮೈದಾನ ಮಾಡಿದರಾಯಿತು ಎಂದರು. ಹದಿನೆಂಟು ಕುಳಿಗಳ ಮೈದಾನಕ್ಕೆ ನೂರೈವತ್ತು ಎಕರೆಯಷ್ಟು ನೆಲ ಬೇಕು ಎಂದೆ. ನೆಲ ಸಿಗಬಹುದು ಎಂದರು. ನೀರು ಎಂದೆ, ಸುಮ್ಮನಾದರು. ಆದರೆ ಹುಲ್ಲಿಗೆ ಮಾತ್ರ ನಮಗೆ ಬಡತನವಿಲ್ಲ. ಬಿಸಿಲ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಹಾಸುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ. ವಿಜಯಪುರದ ಬಿಸಿಲಿನಲ್ಲೂ ಹೊಲದ ಬದುವಿನಿಂದ ಕಿತ್ತಷ್ಟೂ ಚಿಗುರುವ ಅದನ್ನು ಜಗತ್ತಿನ ಯಾವುದೋ ಮೂಲೆಯಲ್ಲಿ ಬೀಜ ಕೊಂಡು, ಗೊಬ್ಬರ ಹಾಕಿ, ಆಳಿಟ್ಟು ಬೆಳೆಸುತ್ತಾರೆ ಎಂದರೆ ನಮ್ಮ ರೈತರು ನಂಬುವುದು ಕಷ್ಟ.

ಈಗ ತಕರಾರು. ಸೆಪ್ಟೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್‌ನಲ್ಲಿ ಹೊತ್ತು ಗೊತ್ತುಮಾಡಿ, ದುಡ್ಡು ಕಟ್ಟಿ, ಚೀಲ ಹೆಗಲಿಗೇರಿಸಿ ಹೋದರೆ ಮೊದಲ ಕುಳಿಯ ಮೇಲೆ ಕಾರುಗಳು ನಿಂತಿದ್ದವು. ಎರಡನೆಯದರ ಮೇಲೂ. ಮೂರನೆಯದರಲ್ಲಿ ಒಂದು ಕುಟುಂಬ ಶಾಮಿಯಾನ ಹಾಕಿ ಮಾಂಸ ಸುಡುತ್ತಿತ್ತು, ಹೊಗೆ ಏಳನೆಯದರವರೆಗೆ ಹಬ್ಬಿತ್ತು. ಅಂದು ಪಕ್ಕದ ಕ್ರೀಡಾಂಗಣದಲ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ. ಪಂದ್ಯದ ದಿನ ಗಾಲ್ಫ್ ಮೈದಾನವೇ ಪಾರ್ಕಿಂಗ್ ಜಾಗ. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಗಾಡಿ ಬಿಟ್ಟ ಹಾಗೆ ಕಣ್ಣು ಹಾಯಿಸಿದಷ್ಟೂ ಕಾರು. ಊರಿನ ಮಗುವಿಗೂ ಗೊತ್ತಿದ್ದ ಈ ಸಂಗತಿ ಬುಕಿಂಗ್ ಪುಟಕ್ಕೆ ಗೊತ್ತಿರಲಿಲ್ಲ. ಹಣ ಹಿಂದಿರುಗಲು ಹನ್ನೊಂದು ದಿನ, ಮೂರು ಸಲ ಫೋನು, ಅದರಲ್ಲೂ ಬುಕಿಂಗ್ ಶುಲ್ಕದ ಎರಡು ಡಾಲರ್ ಮುರಿದುಕೊಂಡರು. ಮೊತ್ತ ದೊಡ್ಡದಲ್ಲ; ಆದರೆ ಟಿಕೆಟ್ ಮಾರಿದವರು ಮೈದಾನವನ್ನು ಬೇರೆ ಕಡೆಗೆ ಕೊಟ್ಟಾಗ ಒಂದು ಸಾಲಿನ ಸಂದೇಶ ಕಳಿಸುವುದು ಅಸಾಧ್ಯವೇನಲ್ಲ. ಸೇವೆಗೆ ಐದಕ್ಕೆ ಮೂರೂವರೆ ಅಂಕ ಕೊಡುವ ಮನಸ್ಸಿತ್ತು, ಆದರೆ ಅರ್ಧ ಅಂಕ ಇಲ್ಲಿ ಕಳೆದಿದ್ದೇನೆ. ಮೈದಾನಕ್ಕೆ ನಾಲ್ಕು, ಕಲಿಕೆಗೆ ಐದು ಬೇರೆಯೇ ಇವೆ.

ಉಳಿದಂತೆ ಕೆಲವು ವ್ಯಾವಹಾರಿಕ ಮಾತುಗಳು. ಕಾಲರ್ ಇರುವ ಅಂಗಿ ಬೇಕು. ಜೀನ್ಸ್ ತೊಟ್ಟು ಹೋಗಬೇಡಿ. ಕ್ಯಾಡಿಗಳಿಲ್ಲ, ಚೀಲ ನೀವೇ ಹೊರಬೇಕು ಇಲ್ಲವೆ ತಳ್ಳುಗಾಡಿ ಕೇಳಬೇಕು. ಎಂಜಿನ್ ಗಾಡಿ ಬೇಡವೆಂಬುದು ನನ್ನ ಸಲಹೆ, ಏಕೆಂದರೆ ಒಂಬತ್ತು ಕುಳಿಗಳಿಗೆ ಸುಮಾರು ಎರಡೂವರೆ ಗಂಟೆಯ ನಡಿಗೆಯೇ ನಮ್ಮ ವಯಸ್ಸಿನವರಿಗೆ ಸಿಗುವ ನಿಜವಾದ ಲಾಭ, ಸಕ್ಕರೆ ಕಾಯಿಲೆಯ ವೈದ್ಯರೂ ಒಪ್ಪುವಂಥದ್ದು. ಆಡದ ಸಂಗಾತಿ ಜೊತೆಗೆ ನಡೆಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ನನ್ನ ಮನೆಯವರಿಗೆ ಅನುಮತಿ ಸಿಕ್ಕಿತು, ಅವರು ಸೀರೆ, ಕ್ಯಾನ್ವಾಸ್ ಶೂಗಳಲ್ಲಿ ವಾರಕ್ಕೆ ಎರಡು ದಿನ ಇಡೀ ಸುತ್ತು ಬಂದರು, ಮತ್ತು ನನ್ನ ಹೊಡೆತಗಳನ್ನು ನನಗಿಂತ ಪ್ರಾಮಾಣಿಕವಾಗಿ ಎಣಿಸಿದರು. ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಆಲೂಗಡ್ಡೆ ಕರಿದದ್ದು ಬಿಟ್ಟರೆ ಏನೂ ಇಲ್ಲ. ನಾವು ಅಮೀನಗಡದ ಕರದಂಟು ಕಟ್ಟಿಕೊಂಡು ಹೋಗುತ್ತಿದ್ದೆವು. ಐದನೆಯ ಕುಳಿಯ ಹೊತ್ತಿಗೆ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಮನೆ ಮುಟ್ಟುವವರೆಗೆ ಹಸಿವಿಲ್ಲ. ಸ್ಟಿಂಪ್‌ಮೀಟರಿನ ಹುಡುಗ ಅದರಲ್ಲಿರುವ ಅಂಟಿನ ಬಗ್ಗೆ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಕೇಳಿದ.

ಬರುವ ಜೂನ್‌ನಲ್ಲಿ ಮತ್ತೆ ಹೋಗುವುದಿದೆ. ಮಂಗಳವಾರ ಸಂಜೆ ನಾಲ್ಕೂವರೆಯ ಹೊತ್ತು ಸಿಗುವಂತೆ ನೋಡಿಕೊಳ್ಳಲು ಮಗಳಿಗೆ ಹೇಳಿದ್ದೇನೆ. ಅವಳು ಆ ವರ್ಷದ ಫುಟ್‌ಬಾಲ್ ಪಂದ್ಯಗಳ ಪಟ್ಟಿಯನ್ನು ಈಗಲೇ ಕಳಿಸಿಕೊಟ್ಟಿದ್ದಾಳೆ. ಮನೆಯವರು ಅದನ್ನು ಮುದ್ರಿಸಿ ತರಿಸಿ, ಅಡುಗೆಮನೆಯ ಗೋಡೆಯಲ್ಲಿ ಶಾಬಾದಿಮಠ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದ್ದಾರೆ.