ಗೀಸರ್ ಕೆಟ್ಟರೆ ರಿಪೇರಿಯೋ, ಹೊಸದೋ?

ನಮ್ಮದು ಎರಡು ಕಡೆ ಸಂಸಾರ. ಶಿರಸಿ ಹತ್ತಿರದ ತೋಟದ ಮನೆಯಲ್ಲಿ ಅತ್ತೆ-ಮಾವ, ಕಾರವಾರದ ಫ್ಲ್ಯಾಟಿನಲ್ಲಿ ನಾವು. ಎರಡೂ ಕಡೆಯ ಗೀಸರ್ ಹೆಚ್ಚುಕಡಿಮೆ ಒಟ್ಟಿಗೇ ಕೆಟ್ಟವು. ಶಿರಸಿಯದನ್ನು ರಿಪೇರಿ ಮಾಡಿಸಿದೆವು, ಕಾರವಾರದ್ದನ್ನು ಬದಲಿಸಿದೆವು. ಗೀಸರ್ ಎಷ್ಟು ಹಳೆಯದು ಅಂತ ಎಲ್ಲರೂ ಕೇಳುತ್ತಾರೆ. ಕೆಟ್ಟಿರುವುದು ಯಾವ ಭಾಗ ಅಂತ ಮೊದಲು ಕೇಳಬೇಕು.

ಶಿರಸಿಯಲ್ಲಿ ಗೀಸರಿನ ಲೈಟ್ ಉರಿಯುತ್ತಿತ್ತು, ನೀರು ಮಾತ್ರ ತಣ್ಣಗೆ. ಹೀಗಾದರೆ ಸಾಮಾನ್ಯವಾಗಿ ನೀರು ಕಾಯಿಸುವ ಕಾಯಿಲ್ ಹೋಗಿರುತ್ತದೆ. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸೇಫ್ಟಿ ಸ್ವಿಚ್) ಬಿದ್ದರೂ ಮೊದಲ ಅನುಮಾನ ಕಾಯಿಲ್ ಮೇಲೆಯೇ. ನೀರು ಸಿಕ್ಕಾಪಟ್ಟೆ ಕಾದರೆ ಅಥವಾ ಉಗುರುಬೆಚ್ಚಗೇ ನಿಂತುಬಿಟ್ಟರೆ ಕಾವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ನೋಡಿಸಬೇಕು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ನೀರು ಬಸಿದು, ಕಾಯಿಲ್ ಹೊರಗೆಳೆದ. ಅದರ ಸುತ್ತ ಬಿಳಿ ಸುಣ್ಣ ಚಕ್ಕೆಚಕ್ಕೆಯಾಗಿ ಕಟ್ಟಿತ್ತು, ಬೋರ್‌ವೆಲ್ ನೀರಿನ ಕೊಡುಗೆ. ಸುಣ್ಣ ಕೂತರೆ ಕಾವು ನೀರಿಗೆ ಇಳಿಯದೆ ಕಾಯಿಲ್ಲೇ ಬೇಯುತ್ತದೆ. “ಅಕ್ಕಾ, ಟ್ಯಾಂಕ್ ಗಟ್ಟಿ ಇದೆ, ಎಸೀಬೇಡಿ” ಅಂದ. ಹಳೆಯದರಷ್ಟೇ ವ್ಯಾಟಿನ ಹೊಸ ಕಾಯಿಲ್ ಹಾಕಿಸಿದೆವು, ಜೊತೆಗೆ ಹೊಸ ವಾಶರ್. ಹೊಸ ಗೀಸರ್ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ. ಈಗಲೂ ಚೆನ್ನಾಗಿ ಕಾಯುತ್ತಿದೆ.

ಕಾರವಾರದ್ದರ ಕಥೆಯೇ ಬೇರೆ. ಕೆಳಗಿನಿಂದ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಪೈಪ್ ಜಾಯಿಂಟಿನಲ್ಲಿ ಸೋರಿದ್ದರೆ ಟೇಪ್ ಸುತ್ತಿ ಮುಗಿಸಬಹುದಿತ್ತು. ಇದು ಒಳಗಿನ ಟ್ಯಾಂಕಿನಿಂದಲೇ ಬರುತ್ತಿತ್ತು. ವೆಲ್ಡಿಂಗ್ ಮಾಡಿಸಿದೆವು. ಸ್ವಲ್ಪ ದಿನ ನಿಂತಿತು, ಆಮೇಲೆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ತೂತು. ತುಕ್ಕು ಹಿಡಿದು ತಗಡು ಸುತ್ತಲೂ ತೆಳುವಾಗಿತ್ತಲ್ವಾ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಸೋರಿದ ನೀರು ಕರೆಂಟ್ ವೈರ್‌ಗೆ ತಾಗಿ, ಅರ್ಥಿಂಗೂ ಸರಿಯಿಲ್ಲದಿದ್ದರೆ ಜೀವಕ್ಕೇ ಅಪಾಯ. ಟ್ಯಾಂಕ್ ಸೋರಿದ ಗೀಸರಿಗೆ ದುಡ್ಡು ಹಾಕಲೇಬೇಡಿ.

ಹೊಸದು ತಂದರೆ ಕರೆಂಟ್ ಬಿಲ್ ಇಳಿಯುತ್ತೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕೇ ಬೇಕು, ಗೀಸರ್ ಹಳೆಯದಾಗಲಿ ಹೊಸದಾಗಲಿ. ಸ್ಟಾರ್ ಜಾಸ್ತಿ ಇದ್ದರೆ ಕಾದ ನೀರು ಬೇಗ ಆರುವುದಿಲ್ಲ, ಉಳಿತಾಯ ಅಷ್ಟೇ. ನಮ್ಮ ಹಾಗೆ ಸ್ನಾನ ಮುಗಿದ ಕೂಡಲೇ ಆಫ್ ಮಾಡುವವರಿಗೆ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಬಿಲ್ ಉಳಿಸಲೆಂದೇ ಗಟ್ಟಿಯಾಗಿರುವ ಗೀಸರನ್ನು ಗುಜರಿಗೆ ಹಾಕುವುದು ನನಗೆ ಒಪ್ಪುವುದಿಲ್ಲ.

ಶಿರಸಿಯಲ್ಲಿ ಇನ್ನೊಂದು ಅನುಕೂಲವಿತ್ತು. ಬಚ್ಚಲಲ್ಲಿ ಹಂಡೆ ಇದೆ, ಒಲೆಗೆ ಅಡಿಕೆ ಸಿಪ್ಪೆ ಬೇಕಾದಷ್ಟಿದೆ. ರಿಪೇರಿಯವನು ಇವತ್ತು ಬರಲಿ, ನಾಲ್ಕು ದಿನ ಬಿಟ್ಟು ಬರಲಿ, ಮಾವನ ಬಿಸಿನೀರಿನ ಸ್ನಾನಕ್ಕೆ ತೊಂದರೆಯಿಲ್ಲ. ಮಳೆಗಾಲದಲ್ಲಂತೂ ಕರೆಂಟ್ ಹೋದರೂ ಹಂಡೆ ಕೈಬಿಡುವುದಿಲ್ಲ. ಫ್ಲ್ಯಾಟಿನಲ್ಲಿ ಆ ಮಾತೇ ಇಲ್ಲ, ಗ್ಯಾಸ್ ಮೇಲೆ ಪಾತ್ರೆ ಇಟ್ಟು ಎಷ್ಟು ದಿನ ಅಂತ ಕಾಯುವುದು?

ಕೊಳ್ಳುವುದೇ ಆದರೆ ಟ್ಯಾಂಕಿನ ಗ್ಯಾರಂಟಿ ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ. ಗೀಸರಿನದು, ಕಾಯಿಲ್‌ನದು, ಟ್ಯಾಂಕಿನದು ಬೇರೆಬೇರೆ ಇರುತ್ತದೆ. ಒಳಗಡೆ ಮೆಗ್ನೀಸಿಯಂ ರಾಡ್ ಇದ್ದರೆ ಟ್ಯಾಂಕಿನ ಬದಲು ಅದು ಸವೆಯುತ್ತದೆ. ಸರ್ವಿಸ್‌ಗೆ ಬಂದವನ ಹತ್ತಿರ ಅದನ್ನು ಬಿಚ್ಚಿ ತೋರಿಸು ಅನ್ನಿ. ಸವೆದು ಕಡ್ಡಿಯಾಗಿದ್ದರೆ ಅವತ್ತೇ ಬದಲಿಸಿ.