ಮೊದಲನೇ ಅನೆಮೊನಿ: ಬಬಲ್ ಟಿಪ್ಪಾ, ರಾಕ್ ಫ್ಲವರ್ರಾ?

ಉಪ್ಪುನೀರಿನ ಟ್ಯಾಂಕಿಗೆ ಮೊದಲ ಸಲ ಅನೆಮೊನಿ (ಕಲ್ಲಿಗೆ ಪಾದ ಊರಿ ಕೂರೋ, ಹೂವಿನ ಥರ ಕಾಣೋ ಸಮುದ್ರದ ಪ್ರಾಣಿ) ತರೋರು ಕಾರ್ಪೆಟ್ ಅನೆಮೊನಿ ಆಸೆ ಈಗ್ಲೇ ಬಿಟ್ಬಿಡಿ, ಅದು ತುಂಬಾ ದೊಡ್ಡದಾಗುತ್ತೆ, ಮೀನನ್ನೂ ಹಿಡ್ಕೊಂಡು ತಿನ್ನುತ್ತೆ. ಉಳಿದಿದ್ದು ಬಬಲ್ ಟಿಪ್, ರಾಕ್ ಫ್ಲವರ್ ಅನ್ನೋ ಇವೆರಡು ಜಾತಿ.

ಕ್ಲೌನ್ ಫಿಶ್ ಅದರೊಳಗೆ ಹೊರಳಾಡೋದು ನೋಡ್ಬೇಕು ಅಂದ್ರೆ ಬಬಲ್ ಟಿಪ್ಪೇ ಆಗ್ಬೇಕು, ರಾಕ್ ಫ್ಲವರ್ ಕೆರಿಬಿಯನ್ ಕಡೇದು, ಅಲ್ಲಿ ಕ್ಲೌನ್ ಫಿಶ್ಶೇ ಇಲ್ಲ, ಹಾಗಾಗಿ ಟ್ಯಾಂಕಲ್ಲೂ ಸಾಮಾನ್ಯವಾಗಿ ಸೇರ್ಕೊಳಲ್ಲ. ಆದ್ರೆ ಬಬಲ್ ಟಿಪ್ ಓಡಾಡುತ್ತೆ, ಅದೇ ದೊಡ್ಡ ತಲೆನೋವು. ಪಾದ ಊರೋಕೆ ಕಲ್ಲಿನ ಸಂದು ಸಿಗ್ಲಿಲ್ಲ, ಇಲ್ಲಾ ಲೈಟು, ನೀರಿನ ಹರಿವು ಒಗ್ಲಿಲ್ಲ ಅಂದ್ರೆ ರಾತ್ರೋರಾತ್ರಿ ಹೊರಟುಬಿಡುತ್ತೆ, ದಾರೀಲಿರೋ ಕೋರಲ್‌ಗಳನ್ನ (ಹವಳಗಳನ್ನ) ಕುಟುಕಿ ಸುಡುತ್ತೆ, ನೀರು ಹರಿಸೋ ಪಂಪು ವೇವ್‌ಮೇಕರ್‌ಗೆ ಸಿಕ್ಕಿದ್ರಂತೂ ಚೂರುಚೂರಾಗಿ ಇಡೀ ಟ್ಯಾಂಕಿನ ನೀರನ್ನೇ ಕೆಡಿಸುತ್ತೆ, ಅದಕ್ಕೇ ಪಂಪಿಗೆ ಮೊದಲೇ ಗಾರ್ಡ್ ಹಾಕಿಡಿ. ರಾಕ್ ಫ್ಲವರ್ ಸಣ್ಣದು, ಮರಳಿನ ಹತ್ರ ಕಲ್ಲಿನ ಬುಡ ಹಿಡಿದ್ರೆ ಹೆಚ್ಚಾಗಿ ಅಲ್ಲೇ ಕೂರುತ್ತೆ. ಸಣ್ಣ ಟ್ಯಾಂಕ್ ಇರೋರಿಗೆ ನಾನು ಇದನ್ನೇ ಹೇಳೋದು.

ನಮ್ಮ ಬೆಂಗಳೂರಲ್ಲಿ ಎರಡಕ್ಕೂ ಕಷ್ಟ ಒಂದೇ. ಕಾವೇರಿ ಆಗ್ಲಿ ಬೋರ್‌ವೆಲ್ ಆಗ್ಲಿ, ನಲ್ಲಿ ನೀರು ನೇರ ಹಾಕ್ಬೇಡಿ, ಆರ್‌ಒ ಡಿಐ ನೀರಿಗೇ (ಫಿಲ್ಟರ್‌ನಲ್ಲಿ ಲವಣ, ಕಲ್ಮಶ ಎಲ್ಲ ತೆಗೆದ ಶುದ್ಧ ನೀರಿಗೇ) ಅಕ್ವೇರಿಯಂ ಸಮುದ್ರದ ಉಪ್ಪು ಬೆರೆಸಿ ಸ್ಪೆಸಿಫಿಕ್ ಗ್ರಾವಿಟಿ (ನೀರಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸೋ ಅಳತೆ) 1.025 ಹತ್ರ ಇಟ್ಕೊಳಿ. ಏಪ್ರಿಲ್ ಸೆಕೇಲಿ ನೀರು 25ರಿಂದ 27 ಡಿಗ್ರಿ ಒಳಗೇ ಇರೋ ಹಾಗೆ ಫ್ಯಾನೋ, ನೀರು ತಂಪು ಮಾಡೋ ಚಿಲ್ಲರ್ರೋ ಬೇಕೇಬೇಕು, ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್. ಟ್ಯಾಂಕ್ ಶುರು ಮಾಡಿ ಕನಿಷ್ಠ ಆರು ತಿಂಗಳಾದ್ರೂ ಆಗಿರ್ಲಿ.

ಅಂಗಡೀಲಿ ಬಾಯಿ ನೋಡಿ ತಗೊಳಿ: ಬಿಗಿಯಾಗಿ ಮುಚ್ಚಿರ್ಬೇಕು, ಪಾದ ಹರಿದಿರ್ಬಾರ್ದು. ಬಣ್ಣ ಹೋಗಿ ಬೆಳ್ಳಗೆ ಬಿಳಚಿಕೊಂಡಿರೋದು ಎಷ್ಟೇ ಚೆನ್ನಾಗಿ ಕಂಡ್ರೂ ಬೇಡ.