ಸರ್ಟಿಫಿಕೇಟ್ ವಿನಂತಿ: ಸರ್ಟ್‌ಬಾಟ್ ಸಾಕೋ, ಓಪನ್‌ಎಸ್‌ಎಸ್‌ಎಲ್ ಬೇಕೋ?

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ವೆಬ್‌ಸೈಟಿಗೆ ಬೀಗದ ಗುರುತು (ಸಂಪರ್ಕ ಸುರಕ್ಷಿತ ಎಂದು ಸರ್ಟಿಫಿಕೇಟ್ ತೋರಿಸುವ ಗುರುತು) ಬಂದರೆ ಸಾಕು, ಸರ್ವರ್ ನಿಮ್ಮ ಕೈಯಲ್ಲೇ ಇದೆ, 80ನೇ ಪೋರ್ಟ್ ತೆರೆದಿದೆ ಅಂದರೆ ಸರ್ಟ್‌ಬಾಟ್ ಎಂಬ ತಂತ್ರಾಂಶ ಹಾಕಿ. ಗುಪ್ತ ಕೀ, ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರಕ್ಕೆ ಹೋಗುವ ವಿನಂತಿ, ನವೀಕರಣ ಮೂರನ್ನೂ ಅದೇ ನೋಡಿಕೊಳ್ಳುತ್ತದೆ.

ಸರ್ಟಿಫಿಕೇಟಿನಲ್ಲಿ ಸಂಸ್ಥೆಯ ಹೆಸರೂ ಇರಬೇಕು ಅಂದರೆ ದಾರಿ ಬೇರೆ. ಆಗ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ 'ರೆಕ್' ಆಜ್ಞೆಯಿಂದ ಕೀ ಮತ್ತು ವಿನಂತಿ ಕಡತವನ್ನು ನೀವೇ ಮಾಡಬೇಕು. ಎಡವುವುದೂ ಇಲ್ಲೇ. ಆ ಆಜ್ಞೆ ಕೇಳುವ ಪ್ರಶ್ನೆಗಳಿಗೆ ಸುಮ್ಮನೆ ಎಂಟರ್ ಒತ್ತುತ್ತಾ ಹೋದರೆ ದೇಶದ ಜಾಗದಲ್ಲಿ ಆಸ್ಟ್ರೇಲಿಯಾದ 'ಎಯು' ಕೂತುಬಿಡಬಹುದು; ನಮಗೆ ಬೇಕಾದ್ದು 'ಐಎನ್'. ಊರಿನ ಹೆಸರಿನಲ್ಲಿ ಇನ್ನೂ ಎಚ್ಚರ: ಉದಾಹರಣೆಗೆ, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತ ಹೆಸರು ಹುಬ್ಬಳ್ಳಿ, ಆದರೆ ಹಳೆಯ ನೋಂದಣಿ ಪತ್ರಗಳಲ್ಲಿ 'ಹುಬ್ಲಿ' ಎಂದಿರುತ್ತದೆ. ಪತ್ರದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಇಲ್ಲದಿದ್ದರೆ ಪರಿಶೀಲನೆ ಅಲ್ಲೇ ನಿಲ್ಲಬಹುದು.

ಕಾಮನ್ ನೇಮ್ (ವೆಬ್‌ಸೈಟಿನ ಹೆಸರು ಬರೆಯುವ ಜಾಗ) ಒಂದೇ ತುಂಬಿದರೂ ಸಾಲದು. 2017ರ ಕ್ರೋಮ್ 58ರಿಂದ ಬ್ರೌಸರ್ ನೋಡುವುದು ಸರ್ಟಿಫಿಕೇಟಿನಲ್ಲಿರುವ ಪರ್ಯಾಯ ಹೆಸರುಗಳ ಪಟ್ಟಿಯನ್ನು (ಎಸ್‌ಎಎನ್). 'ಆಡ್‌ಎಕ್ಸ್‌ಟ್' ಆಯ್ಕೆಯಲ್ಲಿ ಡಬ್ಲ್ಯು ಮೂರು ಇರುವ ಹೆಸರನ್ನೂ ಇಲ್ಲದ ಹೆಸರನ್ನೂ ಸೇರಿಸಿ, ಇದಕ್ಕೆ ಓಪನ್‌ಎಸ್‌ಎಸ್‌ಎಲ್‌ನ 1.1.1 ಅಥವಾ ಹೊಸ ಆವೃತ್ತಿ ಬೇಕು.

ಕೀ ಯಾವುದು? ಪಿ-256 ಎಂಬ ಎಲಿಪ್ಟಿಕ್ ಕರ್ವ್ ಬಗೆಯ ಕೀ ಚಿಕ್ಕದು, ವೇಗದ್ದು. ತೀರಾ ಹಳೆಯ ಉಪಕರಣಗಳೂ ಬರುವುದಿದ್ದರೆ 2048 ಬಿಟ್‌ನ ಆರ್‌ಎಸ್‌ಎ.

ಪ್ರಾಧಿಕಾರಕ್ಕೆ ಕಳಿಸುವುದು ವಿನಂತಿ ಕಡತವನ್ನು ಮಾತ್ರ. ಕೀ ಕಡತದ ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯಬಹುದು) ಇರಲಿ, ವಾಟ್ಸ್‌ಆ್ಯಪ್‌ನಲ್ಲಂತೂ ಯಾರಿಗೂ ಕಳಿಸಬೇಡಿ. ಕೀ ಕಳೆದುಹೋದರೆ ಬಂದ ಸರ್ಟಿಫಿಕೇಟ್ ಕೆಲಸಕ್ಕೆ ಬಾರದು, ಹೊಸ ಕೀಯಿಂದ ಮತ್ತೆ ವಿನಂತಿ ಮಾಡಬೇಕು.